ಎಂಡೋಮೆಟ್ರಿಯೋಸಿಸ್ ಇದ್ದಾಗ ದಿನದ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಟ್ಟಿನ ಎರಡನೇ ದಿನ. ಒಂದು ಕೈಯಲ್ಲಿ ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ತರಕಾರಿ ಹೆಚ್ಚಲು ನೋಡಿದೆ. ಅರ್ಧ ಕ್ಯಾರೆಟ್ ಹೆಚ್ಚುವಷ್ಟರಲ್ಲಿ ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆವತ್ತು ನಾನು ತಿಂದದ್ದು ನಾಲ್ಕು ಬಿಸ್ಕತ್ತು. ಅದಕ್ಕೂ ಮೊದಲು "ಈ ಕಾಯಿಲೆಗೆ ಏನು ತಿನ್ನಬಾರದು" ಅಂತ ಉದ್ದದ ಪಟ್ಟಿಗಳನ್ನು ಓದಿ ಓದಿ ಸಾಕಾಗಿತ್ತು. ನೋವಿನ ದಿನ ಊಟ ಎಲ್ಲಿಂದ ಬರಬೇಕು ಅಂತ ಒಂದು ಪಟ್ಟಿಯೂ ಹೇಳಿರಲಿಲ್ಲ. ಕೆಳಗಿನ ಉತ್ತರಗಳನ್ನು ಆ ನೆಲದ ಮೇಲೆ ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಊಟ ಬದಲಿಸಿದರೆ ಎಂಡೋಮೆಟ್ರಿಯೋಸಿಸ್ ವಾಸಿಯಾಗುತ್ತದಾ?

ಇಲ್ಲ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಸುತ್ತಮುತ್ತ ಬೆಳೆಯುವ ಕಾಯಿಲೆ ಇದು. ಹಾಗೆ ಬೆಳೆದದ್ದನ್ನು ಯಾವ ಸೊಪ್ಪೂ, ಯಾವ ಕಷಾಯವೂ ಕರಗಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಇದು ಇದೆ. ಹೆರುವ ವಯಸ್ಸಿನ ಪ್ರತಿ ಹತ್ತು ಮಂದಿಯಲ್ಲಿ ಒಬ್ಬರಿಗೆ ಅಂತ ಇಟ್ಟುಕೊಳ್ಳಿ. ಊಟದಿಂದ ವಾಸಿಯಾಗುವ ಹಾಗಿದ್ದರೆ ಇಷ್ಟು ಜನ ಒದ್ದಾಡುತ್ತಿರಲಿಲ್ಲ.

ಇಎಸ್‌ಎಚ್‌ಆರ್‌ಇ ಅನ್ನುವ ಯುರೋಪಿನ ತಜ್ಞರ ಸಂಘ 2022ರಲ್ಲಿ ಈ ಕಾಯಿಲೆಯ ಬಗ್ಗೆ ಮಾರ್ಗಸೂಚಿ ಹೊರತಂದಿತು. ನೋವು ಕಡಿಮೆ ಮಾಡಲು ಇಂಥದ್ದೇ ಆಹಾರ ತಿನ್ನಿ ಎಂದು ಹೇಳುವಷ್ಟು ಪುರಾವೆ ಇಲ್ಲ ಎಂದು ಅದರಲ್ಲಿ ನೇರವಾಗಿಯೇ ಇದೆ. ಹಾಗಂತ ಊಟಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಹೊಟ್ಟೆ ಉಬ್ಬರ, ಮಲಬದ್ಧತೆ, ಸುಸ್ತು, ರಕ್ತಹೀನತೆ, ಖಾಲಿ ಹೊಟ್ಟೆಗೆ ನೋವಿನ ಮಾತ್ರೆ ನುಂಗಿ ಬರುವ ಉರಿ, ಇವೆಲ್ಲ ಊಟಕ್ಕೆ ನೇರವಾಗಿ ಸಂಬಂಧಪಟ್ಟವು. ಅಲ್ಲಿ ಕೈಯಾಡಿಸಲು ಜಾಗ ಇದೆ. ಔಷಧಿ, ಶಸ್ತ್ರಚಿಕಿತ್ಸೆ ಬಿಟ್ಟು ಬರೀ ಪಥ್ಯ ನಂಬಿಕೊಂಡು ಕೂರಬೇಡಿ.

ನಾನು ತಿಂದದ್ದರಿಂದಲೇ ಇದು ಬಂತಾ?

ಖಂಡಿತ ಅಲ್ಲ. ಈ ಪ್ರಶ್ನೆಯನ್ನು ಎಷ್ಟೋ ಜನ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ದಯವಿಟ್ಟು ಈ ಭಾರ ಹೊರಬೇಡಿ. ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ತಾಯಿಗೋ ಅಕ್ಕನಿಗೋ ಇದ್ದರೆ ನಮಗೂ ಬರುವ ಸಾಧ್ಯತೆ ಜಾಸ್ತಿ.

ಈ ಅನುಮಾನ ಎಲ್ಲಿಂದ ಬಂತು ಅಂತಲೂ ಹೇಳಬೇಕು. ಅಮೆರಿಕದಲ್ಲಿ ಸುಮಾರು 70,000 ದಾದಿಯರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೀನಿನಲ್ಲಿರುವಂಥ ಒಮೆಗಾ-3 ಕೊಬ್ಬನ್ನು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ ಗುಂಪಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 22% ಕಡಿಮೆ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೆಚ್ಚು ತಿನ್ನುತ್ತಿದ್ದವರಲ್ಲಿ 48% ಜಾಸ್ತಿ. ಎರಡೂ ಒಟ್ಟಿಗೆ ಕಂಡವು ಅಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತ ಅರ್ಥವಲ್ಲ. ಈಗಾಗಲೇ ಕಾಯಿಲೆ ಇರುವವರ ನೋವು ಇಷ್ಟು ಇಳಿಯುತ್ತದೆ ಅಂತಲೂ ಅಲ್ಲ. ಆದರೆ ಎಣ್ಣೆ, ಮೀನು, ಕರಿದ ತಿಂಡಿ ಆರಿಸುವಾಗ ಯಾವ ಕಡೆ ವಾಲಬೇಕು ಅನ್ನುವುದಕ್ಕೆ ಇದೊಂದು ಸೂಚನೆ. ಅಷ್ಟರ ಮಟ್ಟಿಗೆ ನಾನು ಇದನ್ನು ನಂಬುತ್ತೇನೆ.

ಹಾಗಾದರೆ ತಟ್ಟೆಯಲ್ಲಿ ಏನಿರಲಿ?

ಮುಟ್ಟಿನ ಹೊತ್ತಿಗೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶವನ್ನು ಹಿಂಡುತ್ತವೆ, ನೋವು ಮತ್ತು ಉರಿಯೂತವನ್ನು ಹೆಚ್ಚಿಸುತ್ತವೆ. ನಾವು ತಿನ್ನುವ ಕೊಬ್ಬಿನಿಂದಲೇ ದೇಹ ಅವನ್ನು ಮಾಡಿಕೊಳ್ಳುತ್ತದೆ. ಒಮೆಗಾ-3 ಕೊಬ್ಬಿನಿಂದ ತಯಾರಾಗುವವುಗಳ ಕಾಟ ಕಡಿಮೆ. ಮೀನು, ಅಗಸೆ ಬೀಜ, ಅಕ್ರೋಟಿನ ಮಾತು ಪದೇ ಪದೇ ಬರುವುದು ಇದಕ್ಕೇ.

ಮೀನು ತಿನ್ನುವವರು ವಾರಕ್ಕೆ ಎರಡು ಸಲ ತಿನ್ನಿ. ಬಂಗುಡೆ, ಬೂತಾಯಿ, ಸಾಲ್ಮನ್‌ನಂಥ ಕೊಬ್ಬಿರುವ ಮೀನು ಒಂದು ಸಲವಾದರೂ ಇರಲಿ. ತಿನ್ನದವರು ದಿನಕ್ಕೊಂದು ಚಮಚ ಅಗಸೆ ಬೀಜವನ್ನು ಪುಡಿ ಮಾಡಿ ತಿನ್ನಿ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಮೀನಿನಲ್ಲಿರುವ ಒಮೆಗಾ-3 ಬೇರೆ, ಬೀಜದಲ್ಲಿರುವುದು ಬೇರೆ. ಬೀಜದ್ದನ್ನು ದೇಹ ಸ್ವಲ್ಪ ಮಾತ್ರ ಮೀನಿನದ್ದರಂತೆ ಬದಲಿಸಿಕೊಳ್ಳುತ್ತದೆ. ಹಾಗಿದ್ದರೂ ಅದನ್ನು ಬಿಡಬೇಕಿಲ್ಲ, ಅದರ ನಾರು ಕರುಳಿಗೆ ಒಳ್ಳೆಯದು.

ಉಳಿದದ್ದು ಸರಳ. ತಟ್ಟೆಯ ಅರ್ಧ ಬಣ್ಣಬಣ್ಣದ ತರಕಾರಿ, ಸೊಪ್ಪು. ಕಾಲು ಭಾಗ ಅನ್ನವೋ, ಓಟ್ಸೋ, ಬೇರೆ ಧಾನ್ಯವೋ. ಇನ್ನು ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು, ಕೋಳಿ, ಯಾವುದು ನಿಮಗೆ ಒಗ್ಗುತ್ತದೋ ಅದು. ಕುರಿ, ದನ, ಹಂದಿಯಂಥ ಕೆಂಪು ಮಾಂಸ ದಿನಾ ಬೇಡ, ವಾರಕ್ಕೊಂದೆರಡು ಸಲ ಸಾಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ವಾರದ ಊಟವನ್ನು ಯೋಜಿಸುವುದು ಹೇಗೆ? ನನಗೆ ಒಂದು ವಾರ ಚೆನ್ನಾಗಿದ್ದರೆ ಇನ್ನೊಂದು ವಾರ ಏಳೋದಕ್ಕೇ ಆಗುವುದಿಲ್ಲ.

ಅದಕ್ಕೇ ವಾರದ ಪಟ್ಟಿ ನಮಗೆ ಹೊಂದುವುದಿಲ್ಲ. ಸೋಮವಾರ ಇದು, ಮಂಗಳವಾರ ಅದು ಅಂತ ಬರೆದಿಟ್ಟರೆ ನೋವಿನ ಮಂಗಳವಾರ ಬಂದಾಗ ಪಟ್ಟಿ ಹರಿದುಹೋಗುತ್ತದೆ. ತಪ್ಪು ನಮ್ಮದೇ ಅನ್ನಿಸಿ ಬೇಜಾರಾಗುತ್ತದೆ. ನಾನು ತಿಂಗಳನ್ನು ಹಿಡಿದು ಯೋಜಿಸುತ್ತೇನೆ. ಮುಟ್ಟು ಹೊತ್ತಿಗೆ ಸರಿಯಾಗಿ ಬರದವರು, ಹಾರ್ಮೋನ್ ಚಿಕಿತ್ಸೆಯಿಂದ ಮುಟ್ಟೇ ನಿಂತವರು "ಕೈಲಾಗುವ ದಿನ, ಕೈಲಾಗದ ದಿನ" ಅಂತ ಎರಡೇ ಭಾಗ ಮಾಡಿಕೊಳ್ಳಿ.

ಚೆನ್ನಾಗಿರುವ ದಿನಗಳಲ್ಲಿ ಏನೇ ಮಾಡಿದರೂ ಎರಡರಷ್ಟು ಮಾಡುತ್ತೇನೆ. ಒಂದು ಪಾಲು ಅವತ್ತಿಗೆ, ಇನ್ನೊಂದು ಫ್ರೀಜರ್‌ಗೆ. ಬೇಯಿಸಿದ ಬೇಳೆ, ತರಕಾರಿ ಸೂಪ್, ಬೇಯಿಸಿದ ಕಾಳು ಫ್ರೀಜರ್‌ನಲ್ಲಿ ಚೆನ್ನಾಗಿ ಉಳಿಯುತ್ತವೆ. ಒಬ್ಬರ ಒಂದು ಹೊತ್ತಿಗೆ ಆಗುವಷ್ಟನ್ನೇ ಒಂದೊಂದು ಡಬ್ಬಿಗೆ ತುಂಬಿ. ದೊಡ್ಡ ಡಬ್ಬಿಯ ಗಡ್ಡೆಯನ್ನು ನೋವಿನ ದಿನ ಒಡೆಯಲು ಆಗುವುದಿಲ್ಲ. ಮುಚ್ಚಳದ ಮೇಲೆ ಹೆಸರು, ತಾರೀಖು ಬರೆಯಿರಿ. ಅನ್ನ ಉಳಿದರೆ ಬೇಗ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಒಂದು ದಿನದೊಳಗೆ ಹೊಗೆಯಾಡುವಂತೆ ಬಿಸಿ ಮಾಡಿ ತಿಂದು ಮುಗಿಸಿ. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮುಟ್ಟಿಗೆ ನಾಲ್ಕೈದು ದಿನ ಮುಂಚೆ ಅಡುಗೆಮನೆಯನ್ನು ಒಮ್ಮೆ ನೋಡಿ. ಆರು ಡಬ್ಬಿಯಾದರೂ ಇವೆಯಾ? ಮೊಟ್ಟೆ, ಬಾಳೆಹಣ್ಣು, ಮೊಸರು, ಓಟ್ಸ್ ಇವೆಯಾ? ಬಾದಾಮಿ, ಒಣದ್ರಾಕ್ಷಿಯ ಡಬ್ಬಿ ಹಾಸಿಗೆಯ ಪಕ್ಕ ಕೈಗೆ ಸಿಗುವಂತಿದೆಯಾ? ನೀರಿನ ಬಾಟಲಿ? ಭಾರದ ಪಾತ್ರೆಗಳನ್ನು ಮೇಲಿನ ಕಪಾಟಿನಿಂದ ಸೊಂಟದ ಎತ್ತರಕ್ಕೆ ತಂದಿಡಿ. ಸಣ್ಣ ಕೆಲಸ, ಆದರೆ ಕೈ ಚಾಚಿ ಭಾರ ಇಳಿಸುವುದು ತಪ್ಪುತ್ತದೆ.

ನೋವು ಜೋರಿರುವ ದಿನ ಏನೂ ಸೇರುವುದಿಲ್ಲ. ಏನು ಮಾಡಲಿ?

ಮೂರು ಊಟದ ಲೆಕ್ಕ ಬಿಡಿ. ಎರಡು ಮೂರು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ತೆಳ್ಳನೆ ಗಂಜಿ, ಮೊಸರನ್ನ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಸೂಪ್. ವಾಕರಿಕೆ ಬರುತ್ತಿದ್ದರೆ ಬಿಸಿ ಊಟದ ವಾಸನೆಯೇ ಆಗುವುದಿಲ್ಲ, ತಣ್ಣಗಿರುವುದನ್ನು ತಿಂದು ನೋಡಿ. ಶುಂಠಿ ಕೆಲವರಿಗೆ ವಾಕರಿಕೆ ಇಳಿಸುತ್ತದೆ.

ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಮೆಫೆನಮಿಕ್ ಆಸಿಡ್ ಥರದ ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆದೇ ಅವು ನೋವು ಇಳಿಸುತ್ತವೆ. ಹೊಟ್ಟೆಯ ಒಳಗೋಡೆಯನ್ನು ಕಾಯುವುದೂ ಅದೇ ಪ್ರೊಸ್ಟಾಗ್ಲಾಂಡಿನ್. ಹಾಗಾಗಿ ಹುಣ್ಣಾಗುವ ಅಪಾಯ ಇದೆ. ಮಾತ್ರೆಯ ಪಟ್ಟಿಯ ಜೊತೆಗೇ ಒಂದು ಚಿಕ್ಕ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ನೋವಿನಿಂದ ಎದ್ದಾಗ ಅಡುಗೆಮನೆಗೆ ಹೋಗಿ ಹುಡುಕುವ ಶಕ್ತಿ ಇರುವುದಿಲ್ಲ.

ಬೆಳಿಗ್ಗೆ ಸರಿಯಿದ್ದ ಹೊಟ್ಟೆ ಸಂಜೆಗೆ ತಮಟೆಯಂತಾಗುತ್ತದೆ. ಯಾಕೆ?

ಈ ಉಬ್ಬರ ನಿಮ್ಮೊಬ್ಬರದ್ದಲ್ಲ. ಎಂಡೋಮೆಟ್ರಿಯೋಸಿಸ್ ಇರುವ ತುಂಬ ಜನರಿಗೆ ಕರುಳು ಸೂಕ್ಷ್ಮವಾಗಿರುತ್ತದೆ. ಐಬಿಎಸ್ ಅಂತ ಕರೆಯುವ ಕರುಳಿನ ತೊಂದರೆಯೂ ಹಲವರಲ್ಲಿ ಜೊತೆಗೇ ಇರುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನಮಗೆ ನೋವಾಗಿ ಕಾಣುತ್ತದೆ.

ಇಲ್ಲಿ ಸ್ವಲ್ಪ ಗಟ್ಟಿ ಆಧಾರ ಇರುವ ದಾರಿ ಅಂದರೆ ಕಡಿಮೆ ಫಾಡ್‌ಮ್ಯಾಪ್ ಆಹಾರ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಇದು ರೂಪುಗೊಂಡಿತು. ಫಾಡ್‌ಮ್ಯಾಪ್ ಅಂದರೆ ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಸಕ್ಕರೆಗಳು. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿ ಬಂದು ಗಾಳಿ ತುಂಬಿಸುತ್ತವೆ, ನೀರನ್ನೂ ಎಳೆದುಕೊಳ್ಳುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಸೇಬು, ಮಾವು, ಹಾಲು, ಹಲವು ಕಾಳುಗಳು ಈ ಪಟ್ಟಿಯಲ್ಲಿವೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐಬಿಎಸ್ ಜೊತೆಗೆ ಎಂಡೋಮೆಟ್ರಿಯೋಸಿಸ್ ಕೂಡ ಇದ್ದ ಹೆಂಗಸರಲ್ಲಿ 72% ಜನರಿಗೆ ಈ ಊಟದಿಂದ ಕರುಳಿನ ತೊಂದರೆ ತಗ್ಗಿತು. ಬರೀ ಐಬಿಎಸ್ ಇದ್ದವರಲ್ಲಿ ತಗ್ಗಿದ್ದು 49% ಜನರಿಗೆ.

ಆದರೆ ಇದು ಜೀವನಪೂರ್ತಿ ಮಾಡುವ ಪಥ್ಯ ಅಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಎರಡರಿಂದ ಆರು ವಾರ ಕಡಿಮೆ ಮಾಡಬೇಕು. ಆಮೇಲೆ ಒಂದೊಂದನ್ನೇ ವಾಪಸು ತಂದು ಯಾವುದು ಕಾಡುತ್ತದೆ ಅಂತ ನೋಡಬೇಕು. ಕೊನೆಗೆ ಕಾಡುವ ಒಂದೆರಡನ್ನು ಮಾತ್ರ ಕಡಿಮೆ ತಿಂದು ಉಳಿದದ್ದನ್ನೆಲ್ಲ ತಿನ್ನಬೇಕು. ಸಾಧ್ಯವಾದರೆ ಆಹಾರ ತಜ್ಞರ ಜೊತೆಯಲ್ಲೇ ಮಾಡಿ.

ಬೆಳ್ಳುಳ್ಳಿ ಇಲ್ಲದೆ ಊಟ ಸೇರದವರಿಗೆ ಒಂದು ಉಪಾಯ. ಇಡೀ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ಎಸಳು ತೆಗೆದುಹಾಕಿ, ಆ ಎಣ್ಣೆಯಲ್ಲಿ ಅಡುಗೆ ಮಾಡಿ. ಬೆಳ್ಳುಳ್ಳಿಯ ಘಮ ಎಣ್ಣೆಗೆ ಇಳಿಯುತ್ತದೆ. ಹೊಟ್ಟೆ ಕೆಡಿಸುವ ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ. ಆ ಎಣ್ಣೆಯನ್ನು ಅವತ್ತೇ ಬಳಸಿ ಮುಗಿಸಿ, ಹೊರಗೆ ಎತ್ತಿಡಬೇಡಿ.

ಮಲಬದ್ಧತೆ ಇದ್ದರೆ ನೋವು ಜಾಸ್ತಿಯಾಗುತ್ತದಾ?

ಆಗುತ್ತದೆ. ತುಂಬಿದ ಕರುಳು ಪಕ್ಕದಲ್ಲಿರುವ ನೊಂದ ಜಾಗವನ್ನು ಒತ್ತುತ್ತದೆ. ಮುಕ್ಕಿದರೆ ಇನ್ನೂ ಕಷ್ಟ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ನಾಳೆ ಬೆಳಿಗ್ಗೆಯೇ ಒಂದು ಬಟ್ಟಲು ಹೊಟ್ಟು ತಿಂದರೆ ಉಬ್ಬರ ಎರಡರಷ್ಟಾಗುತ್ತದೆ. ವಾರಕ್ಕೊಂದು ಬದಲಾವಣೆ ಮಾಡಿ, ಜೊತೆಗೆ ನೀರು ಹೆಚ್ಚಿಸಿ. ಓಟ್ಸ್, ಕಿವಿ ಹಣ್ಣು, ನೆನೆಸಿದ ಅಗಸೆ ಪುಡಿ ಮೆದು ನಾರಿನವು, ಅವುಗಳಿಂದ ಶುರು ಮಾಡಿ.

ಕಾಯಿಲೆ ಕರುಳಿಗೇ ಹಬ್ಬಿ ದಾರಿ ಕಿರಿದಾಗಿದೆ ಅಂತ ಡಾಕ್ಟರ್ ಹೇಳಿದ್ದರೆ ಈ ಸಲಹೆ ನಿಮಗಲ್ಲ. ಹೆಚ್ಚು ನಾರು ಅಲ್ಲಿ ಸಿಕ್ಕಿಕೊಳ್ಳಬಹುದು. ಅವರನ್ನು ಕೇಳಿಯೇ ತಿನ್ನಿ.

ಗೋಧಿ, ಗ್ಲುಟೆನ್ ಬಿಡಲೇಬೇಕಾ?

ಬಿಡಲೇಬೇಕು ಅಂತೇನಿಲ್ಲ. ಗ್ಲುಟೆನ್ ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್. 2012ರಲ್ಲಿ ಪ್ರಕಟವಾದ, 207 ಹೆಂಗಸರು ಒಂದು ವರ್ಷ ಗ್ಲುಟೆನ್ ಬಿಟ್ಟಾಗ 75% ಜನರಿಗೆ ನೋವು ಇಳಿಯಿತು ಎಂಬ ಅಧ್ಯಯನವನ್ನು ಎಲ್ಲರೂ ತೋರಿಸುತ್ತಾರೆ. ಗ್ಲುಟೆನ್ ತಿನ್ನುತ್ತಲೇ ಇದ್ದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಹೋಲಿಸಿ ನೋಡದೆ ಅದನ್ನು ಹೇಗೆ ನಂಬುವುದು? ಗೋಧಿ ಬಿಟ್ಟು ಹಗುರ ಅನ್ನಿಸಿದರೆ ಕಾರಣ ಗ್ಲುಟೆನ್ ಆಗಿರದೆ ಗೋಧಿಯ ಫಾಡ್‌ಮ್ಯಾಪ್ ಆಗಿರಬಹುದು. ಅನುಮಾನ ಇದ್ದರೆ ಬಿಡುವ ಮೊದಲೇ ಸೀಲಿಯಾಕ್ (ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ಕಾಯಿಲೆ) ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪು ಬರಬಹುದು.

ಹಾಲು, ಮೊಸರು?

ಹೊಟ್ಟೆಗೆ ಒಗ್ಗಿದರೆ ಧಾರಾಳವಾಗಿ ತಿನ್ನಿ. ಹಾಲಿನ ಪದಾರ್ಥ ಹೆಚ್ಚು ತಿನ್ನುವವರಲ್ಲಿ ಈ ಕಾಯಿಲೆ ಕಡಿಮೆ ಕಂಡ ಅಧ್ಯಯನಗಳೇ ಇವೆ. ಹಾಲು ಆಗದವರು ಮೊಸರು ಅಥವಾ ಲ್ಯಾಕ್ಟೋಸ್ ಇಲ್ಲದ ಹಾಲು ನೋಡಿ. ಮುಟ್ಟು ನಿಲ್ಲಿಸುವ ಜಿಎನ್‌ಆರ್‌ಎಚ್ ಚುಚ್ಚುಮದ್ದು ತೆಗೆದುಕೊಳ್ಳುವವರು ಮಾತ್ರ ಸುಮ್ನೆ ಹಾಲು ಬಿಡಬೇಡಿ. ಆ ಔಷಧಿಯಿಂದ ಮೂಳೆ ಸವೆಯುತ್ತದೆ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಎಲ್ಲಿಂದಲಾದರೂ ಬರಲೇಬೇಕು. ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ತೋಫು ನೆರವಾಗುತ್ತವೆ.

ಸೋಯಾದಲ್ಲಿ ಈಸ್ಟ್ರೋಜನ್ ಇದೆಯಂತೆ, ಹೌದಾ?

ಈಸ್ಟ್ರೋಜನ್ ಹೋಲುವ ಸಸ್ಯಾಂಶ ಇದೆ. ಅದರ ಬಲ ನಮ್ಮ ಹಾರ್ಮೋನಿಗಿಂತ ತೀರಾ ಕಡಿಮೆ. ಊಟದ ಪ್ರಮಾಣದಲ್ಲಿ ತಿಂದರೆ ಕಾಯಿಲೆ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಆ ಸಸ್ಯಾಂಶವನ್ನೇ ಗಟ್ಟಿಯಾಗಿ ತುಂಬಿದ ಸೋಯಾ ಐಸೋಫ್ಲೇವೋನ್ ಮಾತ್ರೆಗಳು ಬೇಡ.

ಕಾಫಿ ಬಿಡಬೇಕಾ? ಮದ್ಯ?

ಬೆಳಗಿನ ಒಂದು ಲೋಟ ಕಾಫಿಯನ್ನು ಯಾರಿಂದಲೂ ಕಿತ್ತುಕೊಳ್ಳುವ ಮನಸ್ಸು ನನಗಿಲ್ಲ. ಕಾಫಿಗೂ ಈ ಕಾಯಿಲೆಗೂ ಸ್ಪಷ್ಟ ನಂಟು ಕಂಡಿಲ್ಲ. ಆದರೆ ಕಾಫಿ ಕರುಳನ್ನು ಚುರುಕು ಮಾಡುತ್ತದೆ. ಭೇದಿಯ ದಿನಗಳಲ್ಲಿ ಅದು ಕಷ್ಟ. ನಿದ್ದೆ ಕೆಟ್ಟರೆ ಮಾರನೆಯ ದಿನದ ನೋವು ತಡೆಯಲಾಗುವುದಿಲ್ಲ, ಹಾಗಾಗಿ ಮಧ್ಯಾಹ್ನದ ಮೇಲೆ ಬೇಡ. ಮದ್ಯ ಈಸ್ಟ್ರೋಜನ್ ಹೆಚ್ಚಿಸಬಹುದು, ನೋವಿನ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಮಾತ್ರೆಯ ದಿನಗಳಲ್ಲಿ ಮುಟ್ಟಲೇಬೇಡಿ.

ತುಂಬ ರಕ್ತ ಹೋಗುತ್ತದೆ. ಯಾವ ಊಟದಿಂದ ತುಂಬಿಸಿಕೊಳ್ಳಲಿ?

ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಒಳಗಿನ ಕಬ್ಬಿಣದ ಸಂಗ್ರಹ ಖಾಲಿಯಾಗಿರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಮಂಜುಗಡ್ಡೆ ಅಗಿಯುವ ಆಸೆ, ಇವೆಲ್ಲ ಅದರ ಸುಳಿವುಗಳು.

ಮಾಂಸ, ಮೀನಿನ ಕಬ್ಬಿಣವನ್ನು ದೇಹ ಸುಲಭವಾಗಿ ಹೀರುತ್ತದೆ. ಬೇಳೆ, ಕಾಳು, ಸೊಪ್ಪು, ಎಳ್ಳಿನದ್ದಕ್ಕೆ ಸಹಾಯ ಬೇಕು. ಮೇಲೆ ನಿಂಬೆರಸ ಹಿಂಡಿ, ಇಲ್ಲವೇ ಊಟದ ಜೊತೆ ಸೀಬೆ, ಕಿತ್ತಳೆ, ಟೊಮೆಟೊ ತಿನ್ನಿ. ಅದರಲ್ಲಿರುವ ಸಿ ವಿಟಮಿನ್ ಆ ಸಹಾಯ ಮಾಡುತ್ತದೆ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗಂಟೆಯ ಅಂತರ ಇರಲಿ. ಫೆರಿಟಿನ್ ತೀರಾ ಕೆಳಗಿದ್ದರೆ ಬರೀ ಊಟ ಸಾಲದು, ಮಾತ್ರೆ ಬೇಕಾಗುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಮಲಬದ್ಧತೆ ಬಂದರೆ ನೀವೇ ನಿಲ್ಲಿಸಬೇಡಿ, ಬೇರೆ ಮಾತ್ರೆ ಕೊಡಲು ಅಥವಾ ದಿನ ಬಿಟ್ಟು ದಿನ ಮಾಡಲು ಆಗುತ್ತದಾ ಅಂತ ಕೇಳಿ.

ಡಿ ವಿಟಮಿನ್, ಮೀನೆಣ್ಣೆ, ಅರಿಶಿನದ ಮಾತ್ರೆ ತೆಗೆದುಕೊಳ್ಳಬಹುದಾ?

ಡಿ ವಿಟಮಿನ್ ಕಡಿಮೆ ಇದ್ದರೆ ಮೂಳೆಗಾಗಿ ತೆಗೆದುಕೊಳ್ಳಿ. ನೋವಿಗೆ ಅಂತ ಆದರೆ, ಎಳೆಯ ವಯಸ್ಸಿನವರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡಿ ವಿಟಮಿನ್ ತೆಗೆದುಕೊಂಡವರಿಗೂ ನೋವು ಇಳಿಯಿತು, ಬರೀ ಹುಸಿ ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಮೀನೆಣ್ಣೆಯೂ ಹುಸಿ ಮಾತ್ರೆಯನ್ನು ಮೀರಲಿಲ್ಲ. ಅಡುಗೆಯ ಅರಿಶಿನ ಬೇರೆ, ಗಟ್ಟಿ ಸಾರದ ಮಾತ್ರೆ ಬೇರೆ. ಅಂಥ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟಾದ ಉದಾಹರಣೆಗಳಿವೆ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ನೀವು ನುಂಗುವ ಪ್ರತಿಯೊಂದನ್ನೂ ಡಾಕ್ಟರಿಗೆ ಹೇಳಿ.

ತೂಕ ಇಳಿಸಿದರೆ ಸರಿಹೋಗುತ್ತದೆ ಅಂತ ಒಬ್ಬ ಡಾಕ್ಟರ್ ಹೇಳಿದರು.

ನನಗೂ ಹೇಳಿದ್ದರು. ಮನೆಗೆ ಬಂದು ಅತ್ತಿದ್ದೆ. ತೆಳ್ಳಗಿರುವವರಲ್ಲೇ ಈ ಕಾಯಿಲೆ ಹೆಚ್ಚು ಪತ್ತೆಯಾಗಿದೆ ಅಂತ ಅಧ್ಯಯನಗಳು ತೋರಿಸುತ್ತವೆ, ತೂಕ ಇಳಿಸುವುದು ಇದರ ಚಿಕಿತ್ಸೆ ಅಲ್ಲ. ಹಿಂದೆ ಊಟ ಬಿಡುವ, ಕದ್ದು ತಿನ್ನುವ, ತಿಂದು ವಾಂತಿ ಮಾಡುವ ತೊಂದರೆ ಇದ್ದವರು ಯಾವ ಪಥ್ಯವನ್ನೂ ಒಬ್ಬರೇ ಶುರು ಮಾಡಬೇಡಿ. ಏನನ್ನೂ ಬಿಡದೆ, ಇರುವ ಊಟಕ್ಕೆ ಒಳ್ಳೆಯದನ್ನು ಸೇರಿಸುತ್ತಾ ಹೋಗುವುದೇ ನಿಮಗೆ ಸರಿಯಾದ ದಾರಿ.

ಯಾವುದು ನನಗೆ ಆಗುವುದಿಲ್ಲ ಅಂತ ಕಂಡುಹಿಡಿಯುವುದು ಹೇಗೆ?

ಬರೆದಿಡಿ. ದಿನಕ್ಕೆ ಮೂರು ಸಾಲು ಸಾಕು: ಮುಟ್ಟಿನ ಎಷ್ಟನೇ ದಿನ, ಏನು ತಿಂದೆ, ನೋವು ಮತ್ತು ಉಬ್ಬರ ಹತ್ತಕ್ಕೆ ಎಷ್ಟು. ನನ್ನ ಹಳೆಯ ಪುಸ್ತಕದಲ್ಲಿ ಒಂದು ಪುಟ ಹೀಗಿದೆ: "25ನೇ ದಿನ. ಟೊಮೆಟೊ ಸೂಪ್, ಬ್ರೆಡ್. ಸಂಜೆ ಉಬ್ಬರ 7. ಟೊಮೆಟೊದ್ದೇ ಕೆಲಸ." ಅವತ್ತಿನಿಂದ ಟೊಮೆಟೊ ಬಿಟ್ಟೆ. ಮುಂದಿನ ತಿಂಗಳು ಟೊಮೆಟೊ ಇಲ್ಲದೆಯೂ 25ನೇ ದಿನ ಉಬ್ಬರ 7. ಅದರ ಮುಂದಿನ ತಿಂಗಳೂ ಅಷ್ಟೇ. ಟೊಮೆಟೊದ್ದು ಏನೂ ತಪ್ಪಿರಲಿಲ್ಲ, ಮುಟ್ಟು ಹತ್ತಿರ ಬಂದಿತ್ತು. ಅದಕ್ಕೇ ಕಡೇಪಕ್ಷ ಎರಡು ಮೂರು ತಿಂಗಳು ಬರೆಯದೆ ಯಾವ ತಿಂಡಿಯ ಮೇಲೂ ತಪ್ಪು ಹೊರಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಊಟದ ಮಾತು ಬಿಟ್ಟು ಡಾಕ್ಟರ್ ಹತ್ತಿರ ಓಡಬೇಕಾದದ್ದು ಯಾವಾಗ?

ಗಂಟೆಗೊಂದು ಪ್ಯಾಡ್ ತೊಯ್ದುಹೋದರೆ. ಹಿಂದೆಂದೂ ಇಲ್ಲದ ನೋವು ಇದ್ದಕ್ಕಿದ್ದಂತೆ ಬಂದರೆ. ಜ್ವರ, ತಲೆಸುತ್ತಿ ಬೀಳುವುದು, ಗರ್ಭಿಣಿಯಾಗಿರುವ ಸಾಧ್ಯತೆ ನೋವಿನ ಜೊತೆಗಿದ್ದರೆ. ಮಲದಲ್ಲಿ, ಮೂತ್ರದಲ್ಲಿ ರಕ್ತ ಕಂಡರೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ.

ಮನೆಯವರು ಏನು ಮಾಡಬಹುದು?

"ಏನಾದರೂ ಬೇಕಾ?" ಅಂತ ಕೇಳಬೇಡಿ. ನೋವಿನಲ್ಲಿರುವವರಿಗೆ ಯೋಚಿಸಿ ಉತ್ತರ ಕೊಡುವುದೂ ಒಂದು ಕೆಲಸ. ಫ್ರೀಜರ್‌ನಿಂದ ಒಂದು ಡಬ್ಬಿ ತೆಗೆದು ಬಿಸಿ ಮಾಡಿ, ಚಮಚದ ಸಮೇತ ಪಕ್ಕದಲ್ಲಿಡಿ. ಅರ್ಧ ತಿಂದು ಬಿಟ್ಟರೆ ಏನೂ ಅನ್ನಬೇಡಿ. ಖಾಲಿಯಾದ ಡಬ್ಬಿಯನ್ನು ತೊಳೆದು, ಮುಂದಿನ ವಾರ ಅದನ್ನು ನೀವೇ ತುಂಬಿಸಿ.